ಕೂಳೂರು ಇಳಿಯುವವರು

ಇಪ್ಪತ್ತೆರಡು ವರ್ಷ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನ
ಹಿಂಬಾಗಿಲಲ್ಲಿ ನೇತಾಡಿ
ಊರುಗಳನ್ನು ಗಾಳಿಗೆ ಎಸೆದವನು ನಾನು:
ಉದ್ಯಾವರ ಕಟಪಾಡಿ ಕಾಪು ಉಚ್ಚಿಲ,
ಉಸಿರು ಒಂದು, ಊರು ನಾಲ್ಕು.
ಎಡಗೆನ್ನೆಯಲ್ಲಿ ಸದಾ ಒಂದು ಉಂಡೆ ಗುಟ್ಕಾ.
ಅದಕ್ಕೆ ನಾನು ಟಿಕೆಟು ಹರಿಯಲಿಲ್ಲ,
ಕೊನೆಯ ಸ್ಟಾಪಿನವರೆಗೂ ಅದು ಇಳಿಯಲಿಲ್ಲ.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರೆ ಜನ.
ನನಗೆ ಕೈಯೇ ಬಾಯಿಗೆ ಬಂದಿದೆ.
ಅರ್ಧ ನಾಲಿಗೆ ಕತ್ತರಿಸಿದ ಜಾಗಕ್ಕೆ
ಮುಂಗೈಯ ಚರ್ಮ ತಂದು ಹೊಲಿದಿದ್ದಾರೆ.
ಕರೆಂಟು ಕೊಟ್ಟರೂ ಸಾಯದ ಎರಡು ರೋಮ
ಈಗಲೂ ಬೆಳೆಯುತ್ತವೆ ಅದರ ಮೇಲೆ.
ನೋಟು ಮಡಚುತ್ತಿದ್ದ ಕೈ
ಕತ್ತಲಲ್ಲಿ ಕೂತು ಗಂಜಿಯನ್ನು ತಡವುತ್ತದೆ,
ಇದು ಯಾವ ಊರು ಎಂದು ಕೇಳುತ್ತದೆ.

ಮಂಗಳವಾರ, ಶುಕ್ರವಾರ
ಆಸ್ಪತ್ರೆಯ ಮೂರನೇ ಮಾಳಿಗೆ, ಊರ್ಮಿಳಾ ಮೇಡಂ.
ಐಸ್‌ಕ್ರೀಮು ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ
ಹಲ್ಲುಗಳ ನಡುವೆ ತೂರಿಸಬೇಕು.
ಹೋದ ವಾರ ಒಂಬತ್ತು, ಈ ವಾರ ಹನ್ನೊಂದು.
ತುಂಬಿದ ಬಸ್ಸಿಗೆ ಇನ್ನಿಬ್ಬರನ್ನು ಹತ್ತಿಸಿದಂತೆ:
ಒಳಗೆ ಹೋಗಿ, ಒಳಗೆ ಜಾಗ ಉಂಟು.
ಗಲ್ಲ ಎದೆಗೊತ್ತಿ ನುಂಗು, ಕೆಮ್ಮು, ಮತ್ತೆ ನುಂಗು.
ನೀರಿನ ಬಾಟಲಿ ಬಿಟ್ಟು ಎಲ್ಲಿಗೂ ಹೋಗಬೇಡ.

ಆಮೇಲೆ ಅಕ್ಷರ.
ಪ, ಬ, ಮ ತುಟಿಯ ಮಕ್ಕಳು, ಮುಂದಿನ ಸೀಟಿನವು,
ಕರೆದ ಕೂಡಲೇ ಬಂದವು.
ಕ, ಗ ಹಿಂದಿನ ಸೀಟಿನವು, ನೂಕಿದರೆ ಬಂದಾವು.
ಟ ಡ ಣ ಳ
ತುದಿ ಮಡಚಿ ಅಂಗುಳಕ್ಕೆ ತಾಗಬೇಕಾದವು,
ಎಷ್ಟು ಸೀಟಿ ಊದಿದರೂ ಹತ್ತಲಿಲ್ಲ.
ಕೂಳೂರು ಕೂವೂರಾಯಿತು,
ಹಳೆಯಂಗಡಿ ಏನಾಯಿತೆಂದು ಹೇಳಲೂ ನಾಚಿಕೆ.
ಮೇಡಂ ಹೆಸರಲ್ಲೇ ಒಂದು ಳ ಇತ್ತು,
ಮೂರು ತಿಂಗಳು ಅವರನ್ನು ಹೆಸರಿಟ್ಟು ಕರೆಯಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಧರಣೇಂದ್ರ ಮಾಸ್ತರು.
ಧ್ವನಿಪೆಟ್ಟಿಗೆ ತೆಗೆದು ಆರು ವರ್ಷ,
ಕುತ್ತಿಗೆಯ ತೂತಿಗೆ ಬಿಳಿ ಬಟ್ಟೆಯ ಪರದೆ.
ತನಗೆ ಅಪಾಯಿಂಟ್‌ಮೆಂಟ್ ಇಲ್ಲದಿದ್ದರೂ
ಹೊಸಬರ ಜೊತೆ ಕೂರಲು
ಕಾರ್ಕಳದಿಂದ ಬಸ್ಸಲ್ಲಿ ಬರುವವರು.
ನಾನು ಕಡ್ಡಿಗಳನ್ನು ನೆಲಕ್ಕೆ ಬಿಸಾಡಿದ ದಿನ
ಒಂದೊಂದಾಗಿ ಹೆಕ್ಕಿ ಕೊಟ್ಟು, ಸ್ಲೇಟಿನಲ್ಲಿ ಬರೆದರು:

ೞ

ಇದನ್ನು ನೋಡಿದ್ದೀಯಾ?
ಇಲ್ಲವೆಂದೆ.
ಒರೆಸಿದರು, ಬರೆದರು:
ಕೂಳು ಮೊದಲು ಕೂೞ್ ಇತ್ತು.
ಒರೆಸಿದರು, ಬರೆದರು:
ಕನ್ನಡದ ಬಾಯಿಂದ ಈ ಅಕ್ಷರ ಬಿದ್ದುಹೋಗಿ ನೂರಾರು ವರ್ಷ.
ಒರೆಸಿದರು.
ಕನ್ನಡ ಬಾಯಿ ಮುಚ್ಚಿತೇ? ಪಕ್ಕದ ಳಕಾರಕ್ಕೆ ಹೇಳಿತು,
ನೀನೇ ಸ್ವಲ್ಪ ಸುಧಾರಿಸು ಮಾರಾಯ.
ಅವರು ನಕ್ಕರು. ಸದ್ದಿಲ್ಲ,
ಎದೆಯ ಪರದೆ ಮಾತ್ರ ಹಾರಿತು.

ಧಣಿಗಳು ಅಂದರು, ಮಧ್ಯಾಹ್ನದ ಒಂದು ಟ್ರಿಪ್ಪು ನೋಡು.
ಗುಲಾಬಿ ಅಂಗಿಗೆ ಇಸ್ತ್ರಿ ಹಾಕಿದಳು,
ಚೀಲದ ಜಿಪ್ಪಿಗೆ ಮೇಣ ತಿಕ್ಕಿದಳು.
ಮುಲ್ಕಿ ಸುಲಭ, ಸುರತ್ಕಲ್ಲು ಹೇಗೋ ಜಾರಿತು.
ಪಣಂಬೂರು ದಾಟುವಾಗ
ಒಂದು ಗುಟುಕು ನೀರು, ಗಲ್ಲ ಎದೆಗೆ,
ಪಕ್ಕದ ಅಕ್ಷರಕ್ಕೆ ಕೈಮುಗಿದು ಕೂಗಿದೆ:
ಕೂವೂರು! ಕೂವೂರು ಇಯಿಯುವವರು!

ಯಾರೂ ತಲೆ ಎತ್ತಲಿಲ್ಲ.
ಮೊಬೈಲುಗಳು, ಕಿಟಕಿ, ಲಾರಿಗಳ ಸಾಲು.
ಆಮೇಲೆ ನಾಲ್ಕನೇ ಸೀಟಿನಿಂದ
ಖಾಲಿ ಮೀನುಬುಟ್ಟಿ ಹಿಡಿದು ಒಬ್ಬಳು ಎದ್ದಳು.
ಎಂಚಿನ ಮಾರಾಯ, ಹತ್ತುವಾಗ ಕೊಟ್ಟ ನೂರಕ್ಕೆ
ಚಿಲ್ಲರೆ ಕೊಡುವ ಅಂದಾಜು ಉಂಟಾ ಇಲ್ಲವಾ?
ಮೆಟ್ಟಿಲಲ್ಲಿ ನಿಂತೇ ಬೈದಳು, ಬಸ್ಸು ತಡೆದು ಬೈದಳು,
ನಾನೂ ನನ್ನ ಅರ್ಧ ನಾಲಿಗೆಯಲ್ಲಿ ಸಮಾ ಕೊಟ್ಟೆ,
ಅವಳಿಗೆ ಎಲ್ಲ ಅರ್ಥವಾಯಿತು.

ಒಂದು ವರ್ಷವಾಗಿತ್ತು
ಯಾರಾದರೂ ನನ್ನ ಜೊತೆ ಜಗಳ ಆಡಿ.

ತಗಡಿಗೆ ಎರಡು ಸಲ ಬಡಿದೆ.
ರೈಟ್. ಪೋಯಿ.
ಪಕಾರ, ಪೂರ್ತಿ ನನ್ನದು.